ಕಾಡಿನಲ್ಲಿ ಒಬ್ಬರೇ: ಶಿಕಾರಿಗೆ, ಕ್ಯಾಂಪಿಂಗ್‌ಗೆ ಹೋಗಿ ಸುರಕ್ಷಿತವಾಗಿ ಮರಳುವ ಬಗೆ

ಇಬ್ಬರು ಕಾಡಿಗೆ ಹೋದಾಗ ಒಬ್ಬರ ಕಾಲು ಉಳುಕಿದರೆ ಪ್ರವಾಸ ಕೆಡುತ್ತದೆ, ಅಷ್ಟೇ. ಒಬ್ಬರೇ ಹೋದಾಗ ಅದೇ ಉಳುಕು ಜೀವಕ್ಕೇ ಕುತ್ತು ತರಬಹುದು. ಕಾಲೂ ಅದೇ, ಕಾಡೂ ಅದೇ. ಇನ್ನೊಂದು ತಲೆ, ಇನ್ನೆರಡು ಕೈ ಮಾತ್ರ ಇರುವುದಿಲ್ಲ. "ಸಾಕು, ವಾಪಸ್ ಹೋಗೋಣ" ಅನ್ನುವವರಿಲ್ಲ. "ಯಾಕೋ ನಿನ್ನ ಮಾತು ತೊದಲುತ್ತಿದೆ" ಎಂದು ಗುರುತಿಸುವವರೂ ಇಲ್ಲ.

ಹಾಗಾಗಿ ಒಂಟಿಯಾಗಿ ಹೊರಡುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ. ದೊಡ್ಡ ತೀರ್ಮಾನಗಳನ್ನು ಕಾಡಿಗೆ ಹೋಗಿ ಮಾಡಬೇಡಿ. ಹೊಟ್ಟೆ ತುಂಬಿ, ಮೈ ಬೆಚ್ಚಗಿರುವಾಗ ಮನೆಯಲ್ಲೇ ಮಾಡಿಕೊಳ್ಳಿ. ಎಷ್ಟು ಹೊತ್ತಿಗೆ ಹಿಂದಿರುಗುತ್ತೇನೆ, ಹೊಳೆ ಎಷ್ಟು ಆಳವಿದ್ದರೆ ದಾಟುವುದಿಲ್ಲ, ಎಷ್ಟು ಗಂಟೆಯಾದ ಮೇಲೆ ಕೋವಿ ಎತ್ತುವುದಿಲ್ಲ ಎಂಬುದನ್ನೆಲ್ಲ ಬರೆದು ಜೇಬಿನಲ್ಲಿಡಿ. ದಣಿವು, ಚಳಿ, ಆಸೆ ಒಟ್ಟಿಗೆ ಬಂದಾಗ ನಿಮ್ಮ ತಲೆಯನ್ನು ನೀವೇ ನಂಬುವ ಹಾಗಿಲ್ಲ. ಆಗ ಆ ಚೀಟಿಯೇ ನಿಮ್ಮ ಜೊತೆಗಾರ.

ಶಿಕಾರಿಯ ಮಾತು ಬರುವ ಕಡೆಯಲ್ಲೆಲ್ಲ ನಿಮಗೆ ಲೈಸೆನ್ಸ್ ಇದೆ, ಅಲ್ಲಿನ ಕಾನೂನು ಆ ಜಾಗದಲ್ಲಿ, ಆ ಋತುವಿನಲ್ಲಿ, ಆ ಪ್ರಾಣಿಯ ಬೇಟೆಗೆ ಅನುಮತಿ ಕೊಟ್ಟಿದೆ ಎಂದುಕೊಂಡೇ ಬರೆದಿದ್ದೇನೆ. ಇದರಲ್ಲಿ ಒಂದಿಲ್ಲದಿದ್ದರೂ ಕೋವಿ ಮನೆಯಲ್ಲೇ ಇರಲಿ. ಉಳಿದದ್ದು ಬರೀ ಟೆಂಟ್ ಹಾಕಿ ಎರಡು ರಾತ್ರಿ ಕಳೆದು ಬರುವವರಿಗೂ ಬೇಕಾದದ್ದೇ.

ಹೆಜ್ಜೆ 1: ಹೊರಡುವ ಮೊದಲು ಒಬ್ಬರ ಕೈಗೆ ಚೀಟಿ ಕೊಡಿ

2003ರ ಏಪ್ರಿಲ್‌ನಲ್ಲಿ ಅಮೆರಿಕದ ಯೂಟಾದ ಬ್ಲೂಜಾನ್ ಕಣಿವೆಗೆ ಆರನ್ ರಾಲ್‌ಸ್ಟನ್ ಎಂಬ ಚಾರಣಿಗ ಒಬ್ಬನೇ ಇಳಿದ. ಬಂಡೆಯೊಂದು ಜಾರಿ ಅವನ ಬಲಗೈಯನ್ನು ಗೋಡೆಗೆ ಒತ್ತಿ ಹಿಡಿಯಿತು. ಐದು ದಿನ ಅಲ್ಲೇ ಸಿಕ್ಕಿಕೊಂಡಿದ್ದು, ಕೊನೆಗೆ ಜೇಬಿನ ಸಣ್ಣ ಚಾಕುವಿನಿಂದ ತನ್ನ ಕೈಯನ್ನು ತಾನೇ ಕತ್ತರಿಸಿಕೊಂಡು ಹೊರಬಂದ. ಅವನು ಅನುಭವಿ, ಗಟ್ಟಿಮುಟ್ಟಾದ ಆಳು. ಆದರೆ ಎಲ್ಲಿಗೆ ಹೋಗುತ್ತಿದ್ದೇನೆ ಎಂದು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಹುಡುಕುವವರಿಗೆ ಎಲ್ಲಿಂದ ಶುರು ಮಾಡಬೇಕೆಂದಾದರೂ ಗೊತ್ತಿರುತ್ತಿತ್ತು.

"ಕಾಡಿಗೆ ಹೋಗಿ ಬರ್ತೀನಿ" ಅಂದರೆ ಹೇಳಿದ ಹಾಗಾಗಲಿಲ್ಲ. ಚೀಟಿಯಲ್ಲಿ ಇಷ್ಟಾದರೂ ಇರಲಿ: ಗಾಡಿ ಎಲ್ಲಿ ನಿಲ್ಲಿಸುತ್ತೀರಿ, ಅದರ ನಂಬರ್ ಏನು, ಯಾವ ದಾರಿಯಲ್ಲಿ ಹೋಗುತ್ತೀರಿ, ಯಾವ ರಾತ್ರಿ ಎಲ್ಲಿ ಮಲಗುತ್ತೀರಿ, ಟೆಂಟ್ ಮತ್ತು ಜಾಕೆಟ್ ಯಾವ ಬಣ್ಣ, ನಿಮಗೆ ಯಾವ ಕಾಯಿಲೆ, ಯಾವ ಮಾತ್ರೆ. ಮಳೆ ಬಂದರೆ ಯಾವ ಕಡೆ ಇಳಿಯುತ್ತೀರಿ ಎಂಬುದನ್ನೂ ಬರೆಯಿರಿ. ನಕ್ಷೆಯ ಮೇಲೆ ಗೆರೆ ಎಳೆದು ಫೋಟೋ ಕಳಿಸಿದರೆ ಇನ್ನೂ ಒಳ್ಳೆಯದು.

ಎರಡು ಸಮಯ ಬರೆಯಿರಿ. ಒಂದು, ನೀವು ಹೊರಬರುವ ಸಮಯ. ಇನ್ನೊಂದು, ಅದಾದ ಕೆಲವು ಗಂಟೆಗಳ ನಂತರದ್ದು: ಅಷ್ಟು ಹೊತ್ತಾದರೂ ಸುದ್ದಿ ಬರದಿದ್ದರೆ ಅವರು ಯೋಚಿಸುತ್ತಾ ಕೂರದೆ ರಕ್ಷಣಾ ತಂಡಕ್ಕೆ ಫೋನ್ ಮಾಡಬೇಕು. ಯಾವ ನಂಬರಿಗೆ ಎಂಬುದೂ ಚೀಟಿಯಲ್ಲಿರಲಿ. ಈ ಎರಡನೆಯ ಸಮಯ ಇಲ್ಲದಿದ್ದರೆ ಮನೆಯವರು "ಬರ್ತಾರೆ ಬಿಡು, ತಡ ಆಗಿರಬೇಕು" ಅಂದುಕೊಂಡೇ ಒಂದು ರಾತ್ರಿ ಕಳೆಯುತ್ತಾರೆ. ಚೀಟಿ ಕೊಟ್ಟ ಮೇಲೆ ದಾರಿ ಬದಲಿಸಬೇಡಿ. ಬದಲಿಸಲೇಬೇಕಾದರೆ ಅವರಿಗೆ ತಿಳಿಸಿ ಮುಂದೆ ಹೋಗಿ.

ಹೆಜ್ಜೆ 2: ದೂರವನ್ನು ಗಂಟೆಯಲ್ಲಿ ಅಳೆಯಿರಿ

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಈಗಲೂ ಬಳಕೆಯಲ್ಲಿದೆ. ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 8 ಕಿಲೋಮೀಟರ್ ನಡಿಗೆ, 600 ಮೀಟರ್ ಏರು ಇದ್ದರೆ ಸುಮಾರು ಎರಡೂವರೆ ಗಂಟೆ. ಆದರೆ ಇದು ಒಳ್ಳೆಯ ದಾರಿ, ಹಗುರ ಚೀಲ, ಗಟ್ಟಿ ಕಾಲಿನ ಲೆಕ್ಕ. ಬೆನ್ನ ಮೇಲೆ ಟೆಂಟು, ಹೆಗಲಿಗೆ ಕೋವಿ, ಕಾಲ ಕೆಳಗೆ ಪೊದೆ ಇದ್ದರೆ ಇದನ್ನು ಎರಡರಷ್ಟು ಮಾಡಿಕೊಳ್ಳಿ.

ಆಮೇಲೆ ಹಿಂದಿರುಗುವ ಗಂಟೆ ಗೊತ್ತು ಮಾಡಿ. ತುದಿ ತಲುಪಿರಲಿ, ಬಿಡಲಿ, ಆ ಗಂಟೆಗೆ ತಿರುಗಬೇಕು. ಕತ್ತಲಾಗುವ ಎರಡು ಗಂಟೆ ಮೊದಲೇ ಟೆಂಟಿನ ಹತ್ತಿರ ಇರುವ ಹಾಗೆ ಲೆಕ್ಕ ಹಾಕಿ. "ಇನ್ನು ಹತ್ತೇ ನಿಮಿಷ" ಎಂದು ಮನಸ್ಸು ಎಳೆಯುತ್ತದೆ. ಆ ಹತ್ತು ನಿಮಿಷಕ್ಕೆ ವಾಪಸ್ ಬರುವ ಹತ್ತು ನಿಮಿಷವೂ ಸೇರುತ್ತದೆ, ಅಲ್ವಾ?

ಹೆಜ್ಜೆ 3: ಚೀಲ ಕಳೆದರೂ ಮೈಮೇಲೆ ಉಳಿಯಬೇಕಾದ ಸಾಮಾನು

ಪ್ರಾಣಿಯ ಹೆಜ್ಜೆ ಹಿಡಿದು ಹೋಗುವಾಗ, ನೀರು ತರಲು ಹೋಗುವಾಗ, ಶೌಚಕ್ಕೆ ಹೋಗುವಾಗ ನಾವು ಚೀಲವನ್ನು ಕೆಳಗಿಟ್ಟು ಹೋಗುತ್ತೇವೆ. ದಾರಿ ತಪ್ಪುವುದು ಆಗಲೇ. 2013ರಲ್ಲಿ ಅಮೆರಿಕದ ಅಪಲೇಷಿಯನ್ ಟ್ರೇಲ್ ಎಂಬ ಉದ್ದದ ಚಾರಣದ ದಾರಿಯಲ್ಲಿ ಒಬ್ಬರೇ ನಡೆಯುತ್ತಿದ್ದ ಹಿರಿಯ ಮಹಿಳೆಯೊಬ್ಬರು ಶೌಚಕ್ಕೆಂದು ದಾರಿ ಬಿಟ್ಟು ಪಕ್ಕಕ್ಕೆ ಹೋದರು. ಮರಳಿ ದಾರಿ ಸಿಗಲಿಲ್ಲ. ಸಹಾಯ ಕೇಳಿ ಮೊಬೈಲಿನಿಂದ ಕಳಿಸಿದ ಸಂದೇಶಗಳು ಸಿಗ್ನಲ್ ಇಲ್ಲದೆ ತಲುಪಲೇ ಇಲ್ಲ. ದೊಡ್ಡ ಹುಡುಕಾಟವೇ ನಡೆದರೂ ಸಿಗದೆ, ಎರಡು ವಾರಕ್ಕಿಂತ ಜಾಸ್ತಿ ದಿನ ಅವರು ಅಲ್ಲಿ ಬದುಕಿದ್ದರು. ಅವರ ದೇಹದ ಅವಶೇಷ ಸಿಕ್ಕಿದ್ದು 2015ರಲ್ಲಿ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಎಂಥ ಸಣ್ಣ ಕಾರಣಕ್ಕೆ ಇಟ್ಟ ಹೆಜ್ಜೆ ಅದು.

ಆದ್ದರಿಂದ ಜೇಬಿನಲ್ಲೋ ಸೊಂಟದ ಪಟ್ಟಿಯಲ್ಲೋ ಯಾವಾಗಲೂ ಇರಬೇಕಾದದ್ದು: ಸೀಟಿ, ಲೈಟರ್, ಸಣ್ಣ ಟಾರ್ಚ್, ದಿಕ್ಸೂಚಿ, ಚಾಕು, ರಕ್ತ ನಿಲ್ಲಿಸುವ ಪಟ್ಟಿ, ಮಡಚಿದ ದೊಡ್ಡ ಪ್ಲಾಸ್ಟಿಕ್ ಚೀಲ. ಇವೆಲ್ಲದಕ್ಕಿಂತ ಮುಖ್ಯವಾಗಿ ಉಪಗ್ರಹದ ಮೂಲಕ ಸಹಾಯ ಕೇಳುವ ಸಾಧನ.

ಇದರಲ್ಲಿ ಎರಡು ಬಗೆ. ಪಿಎಲ್‌ಬಿ ಎಂಬ ತುರ್ತು ಬೀಕನ್ 406 ಮೆಗಾಹರ್ಟ್ಸ್‌ನಲ್ಲಿ ಸಂಕೇತ ಕಳಿಸುತ್ತದೆ. ಕಾಸ್ಪಾಸ್-ಸಾರ್‌ಸಾಟ್ ಎಂಬ ಅಂತರರಾಷ್ಟ್ರೀಯ ಉಪಗ್ರಹ ವ್ಯವಸ್ಥೆ ಅದನ್ನು ಹಿಡಿದು ರಕ್ಷಣಾ ಕೇಂದ್ರಕ್ಕೆ ಮುಟ್ಟಿಸುತ್ತದೆ. ಈ ವ್ಯವಸ್ಥೆ 1982ರಿಂದ ಜೀವ ಉಳಿಸುತ್ತಾ ಬಂದಿದೆ. ಬೀಕನ್‌ಗೆ ತಿಂಗಳ ಚಂದಾ ಇಲ್ಲ, ಆದರೆ ನಿಮ್ಮ ಹೆಸರಿನಲ್ಲಿ ನೋಂದಾಯಿಸಲೇಬೇಕು. ಇನ್ನೊಂದು ಗಾರ್ಮಿನ್ ಇನ್‌ರೀಚ್‌ನಂಥ ಉಪಗ್ರಹ ಮೆಸೆಂಜರ್. ಇದಕ್ಕೆ ಚಂದಾ ಕಟ್ಟಬೇಕು, ಆದರೆ ಎರಡೂ ಕಡೆಯಿಂದ ಸಂದೇಶ ಕಳಿಸಬಹುದು. ಒಂಟಿಯಾಗಿ ಹೋಗುವವರಿಗೆ ನನ್ನ ಒಲವು ಎರಡನೆಯದರ ಕಡೆ. "ಕಾಲು ಮುರಿದಿದೆ, ರಕ್ತ ಬರುತ್ತಿಲ್ಲ, ನೀರಿದೆ" ಎಂದು ತಿಳಿಸಲು ಆಗುವುದೇ ದೊಡ್ಡದು. ಯಾವುದೇ ಕೊಂಡರೂ ಆಕಾಶ ಕಾಣುವ ಜಾಗದಲ್ಲಿ ಹಿಡಿಯಬೇಕು. ಇಂಥ ಸಾಧನಗಳು ಉಪಯೋಗಿಸಬಹುದೋ ಇಲ್ಲವೋ ಎಂದು ಆ ನಾಡಿನ ನಿಯಮ ಮೊದಲೇ ಕೇಳಿಕೊಳ್ಳಿ. ಕೆಲವು ಕಡೆ ಉಪಗ್ರಹ ಸಾಧನಕ್ಕೆ ಅನುಮತಿ ಬೇಕು.

ಮೊಬೈಲನ್ನು ಏರೋಪ್ಲೇನ್ ಮೋಡ್‌ನಲ್ಲಿಟ್ಟು, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ. ಚಳಿಯಲ್ಲಿ ಬ್ಯಾಟರಿ ಬೇಗ ಸಾಯುತ್ತದೆ, ಮೈಗೆ ತಾಗುವ ಹಾಗೆ ಒಳಜೇಬಿನಲ್ಲಿಡಿ. ಕಾಗದದ ನಕ್ಷೆಯೂ ಜೊತೆಗಿರಲಿ.

ಹೆಜ್ಜೆ 4: ಟೆಂಟ್ ಹಾಕುವ ಮೊದಲು ಮೇಲೆ ನೋಡಿ

ಎಲ್ಲರೂ ನೆಲ ನೋಡುತ್ತಾರೆ. ನೀವು ಮೊದಲು ತಲೆ ಎತ್ತಿ ನೋಡಿ. ಒಣಗಿದ ಕೊಂಬೆ, ವಾಲಿದ ಮರ ಇದ್ದರೆ ಅಲ್ಲಿ ಬೇಡ. ಗಾಳಿ ಇಲ್ಲದ ರಾತ್ರಿಯಲ್ಲೂ ಒಣಕೊಂಬೆ ಬೀಳುತ್ತದೆ. ಆಮೇಲೆ ನೆಲ ನೋಡಿ. ಒಣಗಿದ ಹಳ್ಳದ ಪಾತ್ರ ಚಪ್ಪಟೆಯಾಗಿ, ಮೆತ್ತಗೆ, ಮಲಗಲು ಹೇಳಿ ಮಾಡಿಸಿದ ಹಾಗಿರುತ್ತದೆ. ಆದರೆ ಮೇಲೆಲ್ಲೋ ಬಿದ್ದ ಮಳೆ ನಿಮ್ಮ ಮೇಲೆ ಒಂದು ಹನಿಯೂ ಬೀಳದೆ ಅಲ್ಲಿಗೆ ಬಂದುಬಿಡಬಹುದು.

ನೀರಿನಿಂದ 60 ಮೀಟರಾದರೂ ದೂರವಿರಿ. ಪ್ರಾಣಿಗಳು ನಡೆದು ಸವೆದ ದಾರಿಯ ಮೇಲೆ, ಅವು ನೀರಿಗೆ ಇಳಿಯುವ ಕಡೆ ಬೇಡವೇ ಬೇಡ. ತಣ್ಣನೆ ಗಾಳಿ ರಾತ್ರಿ ಕೆಳಕ್ಕಿಳಿದು ತಗ್ಗಿನಲ್ಲಿ ನಿಲ್ಲುತ್ತದೆ, ಹಾಗಾಗಿ ತಗ್ಗಿಗಿಂತ ಸ್ವಲ್ಪ ಮೇಲಿನ ಜಾಗ ಬೆಚ್ಚಗಿರುತ್ತದೆ. ಬೋಳು ನೆತ್ತಿಯ ಮೇಲೂ ಬೇಡ, ಅಲ್ಲಿ ಸಿಡಿಲಿನ ಭಯ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ತಕ್ಷಣ ನೆತ್ತಿ, ಬಯಲು, ಒಂಟಿ ಮರ ಬಿಟ್ಟು ಇಳಿಯಿರಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ.

ಎಷ್ಟೇ ಮಳೆ ಬರಲಿ, ಎಷ್ಟೇ ಚಳಿ ಇರಲಿ, ಟೆಂಟಿನೊಳಗೆ ಒಲೆ ಹಚ್ಚಬೇಡಿ, ಕೆಂಡ ಇಡಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ. ಹೊರಗಿನ ಬೆಂಕಿ ಆರಿಸುವಾಗ ನೀರು ಸುರಿದು, ಕೆದಕಿ, ಮತ್ತೆ ಸುರಿಯಿರಿ. ಬೂದಿ ಕೈಗೆ ತಣ್ಣಗೆ ಹತ್ತಿದ ಮೇಲೆಯೇ ಅಲ್ಲಿಂದ ಏಳಿ.

ಹೆಜ್ಜೆ 5: ಚಳಿ ತಲೆಗೆ ಏರುವ ಮೊದಲೇ ತಡೆಯಿರಿ

ಕಾಡಿನಲ್ಲಿ ಹುಲಿ, ಕರಡಿಗೆ ಹೆದರುವವರು ಒದ್ದೆ ಬಟ್ಟೆಗೆ ಹೆದರುವುದಿಲ್ಲ. ನಾನು ಒದ್ದೆ ಬಟ್ಟೆಗೇ ಜಾಸ್ತಿ ಹೆದರುತ್ತೇನೆ. ಮೈಯೊಳಗಿನ ಶಾಖ 35 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಅದಕ್ಕೆ ಹೈಪೊಥರ್ಮಿಯಾ ಅನ್ನುತ್ತಾರೆ. ಇದಕ್ಕೆ ಹಿಮ ಬೀಳಬೇಕಾಗಿಲ್ಲ. ಹೊರಗೆ 10 ಡಿಗ್ರಿ ಇದ್ದರೂ ಮಳೆ, ಗಾಳಿ, ದಣಿವು ಸೇರಿದರೆ ಸಾಕು. ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಹೀರಿಕೊಳ್ಳುತ್ತದೆ.

ಒಮ್ಮೆ ಜಿಟಿಜಿಟಿ ಮಳೆಯಲ್ಲಿ "ಟೆಂಟ್ ಹಾಕಿಯೇ ಜಾಕೆಟ್ ತೊಡೋಣ" ಎಂದು ಮುಂದಕ್ಕೆ ನಡೆದೆ. ಜಾಗ ಸಿಕ್ಕಿ ಚೀಲ ಇಳಿಸಿದಾಗ ಬೆರಳುಗಳು ಜಿಪ್ ಎಳೆಯಲು ಒಪ್ಪಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದೆ. ಆವತ್ತು ಇನ್ನರ್ಧ ಗಂಟೆ ತಡ ಮಾಡಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ಯೋಚಿಸುತ್ತೇನೆ. ಅಂದಿನಿಂದ ನನ್ನ ಚೀಟಿಯಲ್ಲಿ ಒಂದು ಸಾಲು ಇದೆ: ನಡುಗುವ ಮೊದಲು ನಿಲ್ಲು.

ಇದರಲ್ಲಿ ಮೊದಲು ಹೋಗುವುದು ಬುದ್ಧಿ. ಎಡವುವುದು, ತೊದಲುವುದು, ಕೈಯಿಂದ ಸಾಮಾನು ಜಾರುವುದು, ಸುಮ್ನೆ ಸಿಟ್ಟು ಬರುವುದು, ಇವೆಲ್ಲ ಗುರುತುಗಳು. ಜೊತೆಗಾರರಿದ್ದರೆ ನೋಡಿ ಹೇಳುತ್ತಿದ್ದರು. ಒಬ್ಬರೇ ಇದ್ದಾಗ ಗಂಟೆಗೊಮ್ಮೆ ಒಂದು ಪರೀಕ್ಷೆ ಮಾಡಿಕೊಳ್ಳಿ. ಹೆಬ್ಬೆರಳಿನ ತುದಿಯಿಂದ ಅದೇ ಕೈಯ ಕಿರುಬೆರಳಿನ ತುದಿ ಮುಟ್ಟಿ. ಆಗದಿದ್ದರೆ ಆ ಕ್ಷಣವೇ ನಿಲ್ಲಿ. ಗಾಳಿಗೆ ಮರೆ ಮಾಡಿಕೊಂಡು, ಒದ್ದೆ ಬಟ್ಟೆ ಕಳಚಿ ಒಣಗಿದ್ದು ತೊಟ್ಟು, ಸ್ಲೀಪಿಂಗ್ ಬ್ಯಾಗಿನೊಳಗೆ ಸೇರಿ ಸಿಹಿ ಏನಾದರೂ ತಿನ್ನಿ. ಚಳಿ ಹಾಗೇ ಇದ್ದು ನಡುಕ ಮಾತ್ರ ನಿಂತಿತು ಅಂದರೆ ಸುಧಾರಿಸಿತು ಎಂದುಕೊಳ್ಳಬೇಡಿ. ಅದು ಕೆಟ್ಟ ಸೂಚನೆ, ಸಹಾಯ ಕೇಳುವ ಹೊತ್ತು. ಕೊನೆಯ ಹಂತದಲ್ಲಿ ಕೆಲವರು ಸೆಖೆ ಎನಿಸಿ ಬಟ್ಟೆಯನ್ನೇ ಕಿತ್ತೆಸೆಯುತ್ತಾರೆ.

ಮೈಗೆ ತಾಗುವ ಬಟ್ಟೆ ಹತ್ತಿಯದ್ದು ಬೇಡ. ಉಣ್ಣೆ ಅಥವಾ ಸಿಂಥೆಟಿಕ್ ಇರಲಿ. ಹತ್ತಿ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಬೆಚ್ಚಗೂ ಇಡುವುದಿಲ್ಲ. ಒಂದು ಜೊತೆ ಒಣ ಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಲಗಲು ಮಾತ್ರ ಎಂದು ಎತ್ತಿಡಿ. ಮೇಲೇರಿದ ಹಾಗೆಲ್ಲ ಪ್ರತಿ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ತಾಪ ಇಳಿಯುತ್ತದೆ ಎಂಬುದೂ ನೆನಪಿರಲಿ.

ನೀರಿನ ಮಾತು ಚಿಕ್ಕದು. ಎಷ್ಟೇ ತಿಳಿಯಾಗಿ ಕಂಡರೂ ಒಂದು ನಿಮಿಷ ಕೊತಕೊತ ಕುದಿಸಿ. 2,000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ. ಹೊಳೆ ದಾಟುವಾಗ ಚೀಲದ ಸೊಂಟದ ಪಟ್ಟಿ, ಎದೆಯ ಪಟ್ಟಿ ಬಿಚ್ಚಿಕೊಳ್ಳಿ, ಬಿದ್ದರೆ ಚೀಲ ಬಿಟ್ಟು ಏಳಬಹುದು. ಕೈಯಲ್ಲಿ ಕೋಲಿರಲಿ, ಮುಖ ನೀರು ಬರುವ ಕಡೆಗಿರಲಿ. ರಭಸದ ನೀರು ಮೊಣಕಾಲು ಮೀರಿದರೆ ಒಬ್ಬರೇ ದಾಟಬೇಡಿ.

ಹೆಜ್ಜೆ 6: ಊಟದ ವಾಸನೆಯನ್ನು ದೂರವಿಡಿ

ಅಡುಗೆ, ಊಟ, ಸಾಮಾನು ಇಡುವ ಜಾಗ ಟೆಂಟಿನಿಂದ ಸುಮಾರು ನೂರು ಮೀಟರ್ ಆಚೆ, ಗಾಳಿ ಹೋಗುವ ದಿಕ್ಕಿನಲ್ಲಿರಲಿ. ಹಲ್ಲುಜ್ಜುವ ಪೇಸ್ಟು, ಸೋಪು ಕೂಡ ಅಲ್ಲಿಯೇ. ದೊಡ್ಡ ಪ್ರಾಣಿ ಎದುರಾದರೆ ಓಡಬೇಡಿ. ಕರಡಿಯ ಮುಂದೆ, ಚಿರತೆ ಜಾತಿಯ ಪ್ರಾಣಿಯ ಮುಂದೆ ಓಡಿದರೆ ಅಟ್ಟಿಸಿಕೊಂಡು ಬರುವ ಬುದ್ಧಿಯನ್ನು ನಾವೇ ಕೆರಳಿಸಿದ ಹಾಗೆ. ಮುಖ ಅದರ ಕಡೆಗಿಟ್ಟು, ನಿಧಾನವಾಗಿ ಹಿಂದೆ ಸರಿಯಿರಿ. ಕರಡಿ ಇರುವ ನಾಡಿನಲ್ಲಿ ಕರಡಿಯನ್ನು ಹಿಮ್ಮೆಟ್ಟಿಸುವ ಖಾರದ ಸ್ಪ್ರೇ ಎದೆಯ ಪಟ್ಟಿಗೋ ಸೊಂಟಕ್ಕೋ ಸಿಕ್ಕಿಸಿಕೊಂಡಿರಿ. ಚೀಲದೊಳಗಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಹೆಜ್ಜೆ 7: ಕೋವಿ, ಅಟ್ಟಣೆ, ಚಾಕು

ಶಿಕಾರಿಗೆ ಹೋದವರ ಅಪಾಯ ಬೇರೆಯೇ ಬಗೆಯದು. ನಾವು ಸದ್ದಿಲ್ಲದೆ, ಗಾಳಿಗೆ ಎದುರಾಗಿ, ಮುಂಜಾವ ಮುಸ್ಸಂಜೆಯಲ್ಲಿ ನಡೆಯುತ್ತೇವೆ. ಪ್ರಾಣಿಗೆ ಗೊತ್ತಾಗದ ಹಾಗೆ ತೀರಾ ಹತ್ತಿರ ಹೋಗಿಬಿಡುತ್ತೇವೆ. ಇನ್ನೊಬ್ಬ ಬೇಟೆಗಾರನ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ಹೊಳೆಯುವ ಕಿತ್ತಳೆ ಬಣ್ಣದ ಅಂಗಿ, ಟೋಪಿ ತೊಡಿ.

ಕೋವಿಯ ನಾಲ್ಕು ನಿಯಮ ಎಲ್ಲ ಕಡೆ ಒಂದೇ. ತೋಟೆ ತುಂಬಿದೆ ಎಂದೇ ತಿಳಿದು ಹಿಡಿಯಬೇಕು. ಹೊಡೆಯಲು ಇಷ್ಟವಿಲ್ಲದ ಯಾವುದರ ಕಡೆಗೂ ನಳಿಗೆ ತಿರುಗಬಾರದು. ಗುರಿ ಹಿಡಿದು ಹೊಡೆಯಲು ತೀರ್ಮಾನಿಸುವವರೆಗೆ ಬೆರಳು ಟ್ರಿಗರ್‌ನ ಹೊರಗಿರಬೇಕು. ಗುರಿ ಯಾವುದು, ಅದರ ಹಿಂದೆ ಏನಿದೆ ಎಂದು ಗೊತ್ತಿರಬೇಕು. ಒಬ್ಬರೇ ಇದ್ದಾಗ ನಾನು ಇನ್ನೊಂದು ಸೇರಿಸುತ್ತೇನೆ: ಎರಡೂ ಕಾಲು ಗಟ್ಟಿ ನೆಲದ ಮೇಲೆ ಇಲ್ಲದಾಗ ತೋಟೆ ಕೋವಿಯಲ್ಲಿ ಇರಬಾರದು. ಬೇಲಿ, ಹೊಳೆ, ಬಂಡೆ, ಜಾರು ಇಳಿಜಾರು, ಎಲ್ಲದಕ್ಕೂ ಇದೇ. ಬೇಲಿ ದಾಟುವಾಗ ತೋಟೆ ತೆಗೆದು, ಕೋವಿಯನ್ನು ನಳಿಗೆ ಆಚೆ ಕಡೆಗಿರುವಂತೆ ತಂತಿಯ ಕೆಳಗೆ ತೂರಿಸಿ, ನೀವು ಹಿಡಿಯ ಕಡೆಗೆ ಸ್ವಲ್ಪ ದೂರ ಸರಿದು ದಾಟಿ. ಟೆಂಟಿನ ಹತ್ತಿರ ಬರುವ ಮೊದಲೂ ತೋಟೆ ಹೊರಗಿರಬೇಕು.

ಮರದ ಅಟ್ಟಣೆ ಏರುವವರು ಇಡೀ ಮೈಗೆ ಹಾಕುವ ಸುರಕ್ಷತಾ ಪಟ್ಟಿಯನ್ನು (ಹಾರ್ನೆಸ್) ನೆಲದಲ್ಲೇ ಕಟ್ಟಿಕೊಂಡು, ಮರಕ್ಕೆ ಸಿಕ್ಕಿಸಿಕೊಂಡೇ ಹತ್ತಬೇಕು. ಮತ್ತೆ ನೆಲ ಮುಟ್ಟುವವರೆಗೂ ಬಿಚ್ಚಬಾರದು. ಹತ್ತುವ ಇಳಿಯುವ ಹೊತ್ತೇ ಅಪಾಯದ್ದು. ಕೋವಿಯನ್ನು ತೋಟೆ ತೆಗೆದು ಆಮೇಲೆ ಹಗ್ಗದಿಂದ ಎಳೆದುಕೊಳ್ಳಿ. ಬಿದ್ದು ಪಟ್ಟಿಯಲ್ಲಿ ನೇತಾಡಿದರೆ ತೊಡೆಯ ಪಟ್ಟಿ ಒತ್ತಿ ರಕ್ತದ ಓಟ ಕಡಿಮೆಯಾಗುತ್ತದೆ. ಕಾಲಿಟ್ಟು ನಿಲ್ಲಲು ಒಂದು ಕುಣಿಕೆ ಹಗ್ಗ ಕೈಗೆ ಸಿಗುವ ಹಾಗಿರಲಿ.

ಈಗ ಮುಖ್ಯ ಮಾತು. ಪ್ರಾಣಿ ಎದುರಿಗೆ ಬಂದಾಗ "ಹೊಡೆಯಬಹುದೇ" ಎಂಬ ಪ್ರಶ್ನೆಯ ಜೊತೆ "ಹೊಡೆದ ಮೇಲೆ ಒಬ್ಬನೇ ಹೊರಬಲ್ಲೆನೇ" ಎಂದೂ ಕೇಳಿಕೊಳ್ಳಬೇಕು. ಎಲ್ಕ್ ಎಂಬ ಭಾರಿ ಜಿಂಕೆಯಂಥ ದೊಡ್ಡ ಪ್ರಾಣಿಯ ಮಾಂಸ ಮೂಳೆ ಬಿಡಿಸಿದ ಮೇಲೂ ಹಲವು ಹೊರೆಯಾಗುತ್ತದೆ. ಗಾಡಿಯಿಂದ ಆರು ಕಿಲೋಮೀಟರ್ ದೂರದಲ್ಲಿ, ನಾಲ್ಕು ಸಲ ಹೊರಬೇಕಾದರೆ, ಹೋಗಿ ಬರುವುದು ಸೇರಿ ನಲವತ್ತು ಕಿಲೋಮೀಟರ್ ದಾಟುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಭಾರ ಹೊತ್ತು. ಕಾಲು ಮುರಿಯುವುದು ಇಂಥ ದಣಿವಿನಲ್ಲೇ. ಎಷ್ಟು ದೂರದಾಚೆ, ಎಷ್ಟು ಗಂಟೆಯ ನಂತರ ದೊಡ್ಡ ಪ್ರಾಣಿಗೆ ಗುರಿ ಇಡುವುದಿಲ್ಲ ಎಂಬುದು ಚೀಟಿಯಲ್ಲಿರಲಿ. ಕೊಂಬು ಕಣ್ಣೆದುರಿಗೆ ನಿಂತಾಗ ಈ ಲೆಕ್ಕ ಯಾರಿಗೂ ಹೊಳೆಯುವುದಿಲ್ಲ.

ಚರ್ಮ ಸುಲಿಯುವಾಗ, ಮಾಂಸ ಬಿಡಿಸುವಾಗ ಅವಸರ ಬೇಡ. ಚಾಕು ಹರಿತವಾಗಿರಲಿ, ಮೊಂಡು ಚಾಕುವಿಗೆ ಬಲ ಹಾಕಿದಾಗಲೇ ಅದು ಜಾರುವುದು. ಮೈಯಿಂದ ಹೊರಗೆ ಕತ್ತರಿಸಿ. ಎರಡೂ ಕೈ ಪ್ರಾಣಿಯ ಒಳಗೆ ಇಟ್ಟು ಕಾಣದ ಕಡೆ ಚಾಕು ಆಡಿಸಬೇಡಿ. ನೀವು ಬಗ್ಗಿ ಕೂತಿರುತ್ತೀರಿ, ರಕ್ತದ ವಾಸನೆ ಹರಡುತ್ತಿರುತ್ತದೆ. ಆಗಾಗ ಎದ್ದು ಸುತ್ತ ನೋಡಿ. ಮಾಂಸವನ್ನು ಕರುಳಿನ ರಾಶಿಯಿಂದ ದೂರ ಒಯ್ದು, ದೂರದಿಂದಲೇ ಕಾಣುವ ಬಯಲಿನ ಮರಕ್ಕೆ ತೂಗುಹಾಕಿ. ಮತ್ತೆ ಬರುವಾಗ ದೂರದಲ್ಲೇ ನಿಂತು ನೋಡಿ, ಸದ್ದು ಮಾಡುತ್ತಾ ಹತ್ತಿರ ಹೋಗಿ. ಬೇರೆ ಪ್ರಾಣಿ ಅದನ್ನು ಹಿಡಿದಿದ್ದರೆ ಬಿಟ್ಟುಬಿಡಿ.

ಹೆಜ್ಜೆ 8: ಗಾಯವಾದರೆ

ಕೈಕಾಲಿನ ದೊಡ್ಡ ರಕ್ತನಾಳ ಕತ್ತರಿಸಿದರೆ ಕೆಲವೇ ನಿಮಿಷ ಸಮಯ. ಮೊದಲು ಬಟ್ಟೆಯಿಂದ ಬಲವಾಗಿ ಒತ್ತಿ ಹಿಡಿಯಿರಿ. ರಕ್ತ ಚಿಮ್ಮುತ್ತಿದ್ದರೆ, ನಿಲ್ಲದಿದ್ದರೆ ಟೂರ್ನಿಕೆ ಎಂಬ ರಕ್ತ ನಿಲ್ಲಿಸುವ ಪಟ್ಟಿ ಕಟ್ಟಿ. ಗಾಯಕ್ಕಿಂತ 5ರಿಂದ 7 ಸೆಂಟಿಮೀಟರ್ ಮೇಲೆ, ಕೀಲಿನ ಮೇಲೆ ಅಲ್ಲ. ರಕ್ತ ನಿಲ್ಲುವವರೆಗೆ ಪಟ್ಟಿಯಲ್ಲಿರುವ ಬಿಗಿಯುವ ಕಡ್ಡಿ ತಿರುಗಿಸಿ. ತುಂಬಾ ನೋಯುತ್ತದೆ, ಅದಕ್ಕೆ ಹೆದರಿ ಸಡಿಲಿಸಬೇಡಿ. ಕಟ್ಟಿದ ಗಂಟೆ ಬರೆದುಕೊಂಡು ಕೂಡಲೇ ಬೀಕನ್ ಒತ್ತಿ. ಇದನ್ನು ಮನೆಯಲ್ಲೇ ಒಂದೇ ಕೈಯಿಂದ, ಎಡಗೈಯಿಂದಲೂ, ಕತ್ತಲಲ್ಲೂ ಅಭ್ಯಾಸ ಮಾಡಿ. ಚಾಕುವಿನ ಗಾಯ ಆಗುವುದು ಹೆಚ್ಚಾಗಿ ಕೈಗೇ, ಆಗ ಉಳಿಯುವುದು ಇನ್ನೊಂದು ಕೈ ಮಾತ್ರ.

ಹಾವು ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಈ ಟೂರ್ನಿಕೆ ಪಟ್ಟಿ ಅದಕ್ಕಲ್ಲ. ಉಂಗುರ, ವಾಚು ತೆಗೆದು, ಆ ಭಾಗ ಅಲ್ಲಾಡಿಸದೆ ಕೂತು ಸಹಾಯ ಕೇಳಿ.

ಹೆಜ್ಜೆ 9: ದಾರಿ ತಪ್ಪಿದೆ ಎನಿಸಿದ ಕೂಡಲೇ ಕೂತುಬಿಡಿ

ಕೂರುವುದೇ ಎಲ್ಲಕ್ಕಿಂತ ಕಷ್ಟ. ಎದೆ ಹೊಡೆದುಕೊಳ್ಳುತ್ತದೆ, ಕಾಲು ತಾನಾಗಿ ಓಡುತ್ತದೆ. 2009ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು ಜನರನ್ನು ಕಾಡಿನಲ್ಲೂ ಮರುಭೂಮಿಯಲ್ಲೂ ನೇರ ನಡೆಯಲು ಬಿಟ್ಟು ನೋಡಿದರು. ಸೂರ್ಯನೋ ಚಂದ್ರನೋ ಕಾಣದಿದ್ದಾಗ, ನೇರ ಹೋಗುತ್ತಿದ್ದೇವೆ ಎಂದು ನಂಬಿದವರೇ ಸುತ್ತು ಹಾಕಿ ತಮ್ಮ ದಾರಿಗೇ ಬಂದು ಸೇರಿದರು. ಹಾಗಾಗಿ "ಈ ಕಡೆ ಇರಬೇಕು" ಎಂಬ ಅನಿಸಿಕೆಗೆ ಬೆಲೆ ಕೊಡಬೇಡಿ.

ಕೂತು ನೀರು ಕುಡಿಯಿರಿ, ಏನಾದರೂ ತಿನ್ನಿ, ಹತ್ತು ನಿಮಿಷ ಬಿಡಿ. ಖಚಿತವಾಗಿ ಗೊತ್ತಿದ್ದ ಕೊನೆಯ ಜಾಗ ಯಾವುದು, ಅಲ್ಲಿಂದ ಎಷ್ಟು ಹೊತ್ತು ನಡೆದೆ ಎಂದು ನೆನೆಯಿರಿ. ನಕ್ಷೆ ಬಿಚ್ಚಿ. ಬಂದ ಹೆಜ್ಜೆ ಗುರುತು ಕಂಡರೆ ಮಾತ್ರ ಅದನ್ನೇ ಹಿಡಿದು ಹಿಂದಕ್ಕೆ ಹೋಗಿ. ಇಲ್ಲದಿದ್ದರೆ, ಕತ್ತಲಾಗುತ್ತಿದ್ದರೆ, ಅಲ್ಲೇ ಉಳಿಯಿರಿ. ನಿಮ್ಮ ಚೀಟಿ ಒಬ್ಬರ ಕೈಯಲ್ಲಿದೆ, ಹುಡುಕುವವರು ಬರುತ್ತಾರೆ. ನೀವು ನಡೆದಷ್ಟೂ ಅವರು ಹುಡುಕಬೇಕಾದ ಜಾಗ ದೊಡ್ಡದಾಗುತ್ತದೆ.

ಪ್ಲಾಸ್ಟಿಕ್ ಚೀಲ ಹೊದ್ದು, ಒಣಎಲೆಗಳ ದಪ್ಪ ಹಾಸಿನ ಮೇಲೆ ಕೂತರೆ ಒಂದು ರಾತ್ರಿ ಕಳೆಯಬಹುದು. ನೆಲ ಮೈಯ ಶಾಖ ಎಳೆಯುತ್ತದೆ, ಬರೀ ನೆಲದ ಮೇಲೆ ಮಲಗಬೇಡಿ. ಸೀಟಿ ಮೂರು ಸಲ ಊದಿ, ನಿಲ್ಲಿಸಿ, ಮತ್ತೆ ಮೂರು ಸಲ. ಮೂರು ಎಂಬುದು ಅಪಾಯದ ಸಂಕೇತ. ಕೂಗಿದರೆ ಗಂಟಲು ಹೋಗುತ್ತದೆ, ಸೀಟಿಗೆ ಉಸಿರೊಂದೇ ಸಾಕು. ಹಗಲಿನಲ್ಲಿ ಬಯಲಿಗೆ ಬಂದು ಕಲ್ಲು, ಕೊಂಬೆ, ಬಟ್ಟೆಯಿಂದ ದೊಡ್ಡದಾಗಿ ಇಂಗ್ಲಿಷಿನ ವಿ ಅಕ್ಷರ ಬರೆದರೆ ಮೇಲಿಂದ ನೋಡುವವರಿಗೆ ಸಹಾಯ ಬೇಕು ಎಂದರ್ಥ. ಎಕ್ಸ್ ಬರೆದರೆ ವೈದ್ಯರು ಬೇಕು ಎಂದು.

ಬೀಕನ್ ಒತ್ತಲು ನಾಚಿಕೆ ಬೇಡ. ತುಂಬಾ ಜನ ಒತ್ತಲೋ ಬೇಡವೋ ಎಂದು ಹಗಲಿಡೀ ಕಳೆದು, ಕೊನೆಗೆ ರಾತ್ರಿ ಒತ್ತುತ್ತಾರೆ. ಆಗ ಬರುವವರಿಗೂ ಅಪಾಯ ಜಾಸ್ತಿ. ನಡೆಯಲು ಆಗದಿದ್ದರೆ, ರಕ್ತ ನಿಲ್ಲದಿದ್ದರೆ, ಮೈ ಬಿಸಿಯಾಗದಿದ್ದರೆ ಒತ್ತುತ್ತೇನೆ ಎಂದು ಇದನ್ನೂ ಚೀಟಿಯಲ್ಲಿ ಬರೆದಿಡಿ.

ಹೆಜ್ಜೆ 10: ಹೊರಬಂದ ಕೂಡಲೇ

ಸಿಗ್ನಲ್ ಸಿಕ್ಕ ಮೊದಲ ಜಾಗದಲ್ಲೇ ಚೀಟಿ ಇಟ್ಟುಕೊಂಡವರಿಗೆ ಫೋನ್ ಮಾಡಿ. ಸ್ನಾನ, ಊಟ, ನಿದ್ದೆ ಎಲ್ಲ ಆಮೇಲೆ. ನೀವು ಹಾಸಿಗೆಯಲ್ಲಿ ಗೊರಕೆ ಹೊಡೆಯುತ್ತಿರುವಾಗ ಯಾರೋ ನಿಮ್ಮನ್ನು ಹುಡುಕುತ್ತಾ ಕತ್ತಲಲ್ಲಿ ಬೆಟ್ಟ ಹತ್ತಬಾರದು. ನಾಳೆ ಟೆಂಟ್ ಒಣಗಿಸುವಾಗ ಚೀಟಿಯ ಹಿಂಬದಿಯಲ್ಲಿ ಬರೆಯಿರಿ: ಯಾವ ಸಾಮಾನು ಸಿಗದೆ ತಡಕಾಡಿದೆ, ಎಲ್ಲಿ ನನ್ನ ಗಂಟೆಯನ್ನು ನಾನೇ ಮೀರಿದೆ. ಮುಂದಿನ ಸಲದ ಚೀಟಿ ಅಲ್ಲಿಂದಲೇ ಶುರುವಾಗುತ್ತದೆ.